ಬಂದರಿನಲ್ಲಿ ನಿಂತ ಮನೆ

ಒದ್ದೆ ಬಟ್ಟೆಯಿಂದ ಮಗಳ ಹಣೆ ಒರೆಸುತ್ತಿದ್ದ ಗಂಗರತ್ನಮ್ಮ ಕೈ ನಿಲ್ಲಿಸಿ, "ಧಾರೆ ಸೀರೆ ತಗೊಂಬಾಮ್ಮ ರಂಜಿ," ಎಂದರು.

ಮೊಮ್ಮಗಳು ರಂಜಿತ ಕದಲಲಿಲ್ಲ.

"ನಿಮ್ಮಮ್ಮನ ಧಾರೆ ಸೀರೆ ಕಣೇ. ಮುತ್ತೈದೆ ಹೋಗ್ತಾವ್ಳೆ, ಉಡಿಸ್ಬೇಕು."

"ಇಲ್ಲ ಅಜ್ಜಿ. ಎಲ್ಲಾ ಕಳಿಸ್ಬಿಟ್ವಲ್ಲ. ಮದ್ರಾಸ್ ಹಾರ್ಬರ್‌ನಲ್ಲಿದೆ."

ಸೋಮವಾರ ಬೆಂಗಳೂರಿನಿಂದ ಬಂದ ಕಂಪನಿಯವರು ಕೋಲಾರದ ಆ ಬಾಡಿಗೆ ಮನೆಯನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಲಾರಿಯಲ್ಲಿ ಒಯ್ದಿದ್ದರು. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅನಿತಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಮನೆ ಸಾಮಾನು ಸಾಗಿಸುವ ಖರ್ಚೂ ಆ ಆಸ್ಪತ್ರೆಯದೇ. ಶನಿವಾರ ವಿಮಾನವಿತ್ತು. ನಿನ್ನೆ, ಬುಧವಾರ ಬೆಳಿಗ್ಗೆ, ಅನಿತ ತೀರಿಕೊಂಡಳು.

ಈಗ ಅವಳು ಮಲಗಿದ್ದ ಚಾಪೆ ಪಕ್ಕದ ಮನೆಯವರದು. ತಲೆಯ ಬಳಿ ಉರಿಯುತ್ತಿದ್ದ ದೀಪವೂ ಅವರದೇ. ಬೀರು ಇದ್ದ ಕಡೆ, ಮಂಚ ತಾಗಿದ್ದ ಕಡೆ ಗೋಡೆಯ ಬಣ್ಣ ಬೇರೆಯಾಗಿ ಉಳಿದಿತ್ತು. ಅವಳ ಗಂಡ ಚಂದ್ರಮೋಹನ್ ಹೊರಗಿನಿಂದ ಬಂದವನು ನಡುಮನೆಯಲ್ಲಿ ಏನೂ ಇಲ್ಲದ ಜಾಗವೊಂದನ್ನು ಸುತ್ತಿ ಬಳಸಿಕೊಂಡು ಹೆಂಡತಿಯ ಹತ್ತಿರ ಹೋದ. ಮೊದಲು ಅಲ್ಲಿ ಊಟದ ಮೇಜಿತ್ತು. ಸೋಮವಾರದಿಂದ ಮನೆಯ ಮೂವರೂ ಹಾಗೇ ನಡೆಯುತ್ತಿದ್ದರು. ನಿನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಕೊಟ್ಟ ಕಾಫಿ ಲೋಟ ಹಿಡಿದು ಬಂದ ಅನಿತಳೂ ಇಲ್ಲದ ಆ ಮೇಜನ್ನು ಬಳಸಿಕೊಂಡೇ ಬಂದಿದ್ದಳು.

ರಂಜಿತ ಸೂಟ್‌ಕೇಸ್ ತೆರೆದಳು. ಮೇಲುಗಡೆ ಹೊಸ ಕೋಟು, ಕೆಳಗೆ ಸ್ವೆಟರು, ಉಣ್ಣೆಯ ಕಾಲುಚೀಲ. ಸೀರೆ ಒಂದೂ ಇರಲಿಲ್ಲ.

"ಅಯ್ಯೋ ತಲ್ಲೀ, ಅಷ್ಟ್ ಚಳಿನಾ ಅಲ್ಲಿ?" ಎಂದು ಗಂಗರತ್ನಮ್ಮ ಕೋಟಿನ ತೋಳನ್ನು ಮುಟ್ಟಿ ನೋಡಿದರು. ಆಮೇಲೆ ತಾಯಲೂರಿನಿಂದ ತಂದ ತಮ್ಮ ಚೀಲಕ್ಕೆ ಕೈಹಾಕಿ, ಮಡಿಕೆ ಬಿಚ್ಚದ ಹಸಿರು ಸೀರೆಯೊಂದನ್ನು ತೆಗೆದರು. "ಶನಿವಾರ ಮಡಿಲು ತುಂಬಿ ಕಳಿಸೋಣಾಂತ ತಂದಿಟ್ಟಿದ್ದೆ. ಇದನ್ನೇ ಉಡ್ಸಿ."

* * *

ಮದುವೆಯಾದಾಗಿನಿಂದ ಅನಿತ ಬದಲಿಸಿದ ಬಾಡಿಗೆ ಮನೆಗಳು ಹಲವು. ಮಾಲೂರಿನಲ್ಲಿ, ಶ್ರೀನಿವಾಸಪುರದಲ್ಲಿ, ಕೋಲಾರದ ಬೇರೆ ಬೇರೆ ಬಡಾವಣೆಗಳಲ್ಲಿ. ಪ್ರತಿ ಸಲವೂ ಗಂಟು ಕಟ್ಟಿದವಳು ಅವಳೇ. ನೈಟ್ ಡ್ಯೂಟಿ ಮುಗಿಸಿ ಬಂದು ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ, ಗೂಡ್ಸ್ ಆಟೋದ ಹಿಂದೆ ತಾನೇ ಕೂತು, ದೇವರ ಪಟ ತೊಡೆಯ ಮೇಲಿಟ್ಟುಕೊಂಡು ಹೋಗುವಳು. ಹೊಸ ಮನೆ ತಲುಪಿದ ಮೇಲೆ ಹಾಲುಕ್ಕಿಸಿ ಮತ್ತೆ ಡ್ಯೂಟಿಗೆ. ಇಂಗ್ಲಿಷ್ ಪರೀಕ್ಷೆಗೆ ಓದಿದ್ದೂ ಬಸ್ಸಿನಲ್ಲೇ. ಫೇಲಾದಾಗಲೆಲ್ಲ "ಇನ್ನೊಂದ್ಸಲ ಕಟ್ತೀನಿ ಕಣ್ರೀ," ಎನ್ನುವಳು. ಗಂಡ ವೇಮಗಲ್‌ನ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲಿದ್ದ. ಅವನು ಬೇಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಸೋಮವಾರ ಕಂಪನಿಯ ಹುಡುಗರು ಬಂದಾಗ ಅವಳು ಸೆರಗು ಸಿಕ್ಕಿಸಿಕೊಂಡು ಪಾತ್ರೆಗಳ ಮುಂದೆ ಕೂತುಬಿಟ್ಟಿದ್ದಳು.

"ಮೇಡಮ್, ನೀವೇನೂ ಮುಟ್ಬೇಡಿ. ಕುರ್ಚಿ ಮೇಲೆ ಕೂತ್ಕೊಳಿ ಸಾಕು," ಎಂದ ಅವರಲ್ಲಿ ಹಿರಿಯವನು.

ಅವಳಿಗೆ ಕೂರುವುದು ತಿಳಿಯಲಿಲ್ಲ. ಕೂತಳು, ಎದ್ದಳು, ಎಲ್ಲರಿಗೂ ಟೀ ಮಾಡಿದಳು. ಹುಡುಗರು ಆ ಟೀ ಪಾತ್ರೆಯನ್ನೂ ತೊಳೆದು ಸುತ್ತಿಕೊಂಡರು. ಮತ್ತೆ ಕೂತಳು. ತನ್ನ ಮನೆ ಒಂದೊಂದೇ ಪೆಟ್ಟಿಗೆಯಾಗಿ ಬಾಗಿಲು ದಾಟುವುದನ್ನು ಕೈಕಟ್ಟಿಕೊಂಡು ನೋಡಿದಳು. "ರಾಣಿ ಥರಾ ಇದೀಯ ಕಣಮ್ಮ," ಎಂದು ರಂಜಿತ ನಕ್ಕಾಗ ಅವಳೂ ನಕ್ಕಳು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಮನೆ ಖಾಲಿಯಾದ ಮೇಲೆ ಆ ಹಿರಿಯವನು ಸಂಕೋಚದಿಂದ ಹತ್ತಿರ ಬಂದ.

"ಮೇಡಮ್, ಸ್ವಲ್ಪ ಏಳ್ತೀರಾ? ಕುರ್ಚಿ."

ಅನಿತ ಎದ್ದು ನಿಂತಳು. ಕುರ್ಚಿ ಹೋಯಿತು. ಲಾರಿ ಹೊರಟ ಮೇಲೂ ಅವಳು ಅಲ್ಲೇ ನಿಂತಿದ್ದಳು. "ಬಾರೇ, ಊಟಕ್ಕೆ ಹೋಟ್ಲಿಗೆ ಹೋಗೋಣ," ಎಂದು ಚಂದ್ರಮೋಹನ್ ಕರೆದಾಗ, "ನಾವಿನ್ನೂ ಇಲ್ಲೇ ಇದೀವಿ, ಅಲ್ವೇನ್ರೀ?" ಎಂದು ಕೇಳಿದ್ದಳು.

* * *

ಸುಗಟೂರಿನಲ್ಲಿ, ಚಂದ್ರಮೋಹನನ ಪಾಲಿನ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಅವಳನ್ನು ಮಣ್ಣು ಮಾಡಿದರು. ಕೈಕಾಲು ತೊಳೆದುಕೊಳ್ಳುವಾಗ ಅವನ ದೊಡ್ಡಪ್ಪ ಸುಬ್ಬರಾಯಪ್ಪ ಮಾತು ತೆಗೆದರು.

"ಅವಳಿಗ್ ಸಿಕ್ಕಿದ್ ಕೆಲಸ, ಅವಳ ಹೆಸ್ರಿನ್ ವೀಸಾ. ನೀವಿಬ್ರು ಹೋಗಕ್ಕಾಗಲ್ಲ. ಸಾಮಾನು ಹೋಗಿ ಯಾರ್ ಮನೇಲಿ ಕೂರ್ಬೇಕು? ಫೋನ್ ಮಾಡಿ ವಾಪಸ್ ತರ್ಸೋ ಮೋಹನ."

"ಅವಳು ಕಳಿಸಿದ್ದು ದೊಡ್ಡಪ್ಪ."

"ಕಳಿಸಿದ್ಲು ಸರಿ. ಈಗ?"

"ಇಷ್ಟ್ ವರ್ಷದಲ್ಲಿ ಅವಳು ಕೇಳಿದ್ದು ಇದೊಂದೇ. ನನ್ ಕೈಯಾರೆ ಹೆಂಗ್ ವಾಪಸ್ ತರಿಸ್ಲಿ?" ಎಂದ ಚಂದ್ರಮೋಹನ್. ಸುಬ್ಬರಾಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

* * *

ಕೊನೆಗೆ ಅವಳು ಕೇಳಿದ್ದು ಬೇರೆ. ಬುಧವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ತಲೆ ಸಿಡೀತಿದೆ ರಂಜಿ, ಒಂದು ದಿಂಬು ಕೊಡೇ," ಎಂದು ನೆಲದ ಮೇಲೆ ಒರಗಿದಳು. ರಂಜಿತ ಎದ್ದು ಕೋಣೆಗೆ ಓಡಿದಳು. ಮಂಚವಿರಲಿಲ್ಲ, ದಿಂಬೂ ಇರಲಿಲ್ಲ. ಬರಿ ಕೋಣೆಯಲ್ಲಿ ಅವಳು ಒಮ್ಮೆ ಸುತ್ತ ತಿರುಗಿದಳು. ಆಮೇಲೆ ಸೂಟ್‌ಕೇಸಿನಿಂದ ಸ್ವೆಟರ್ ಎಳೆದು ಮಡಿಚಿ ತಂದಳು. ಅಷ್ಟರಲ್ಲಿ ಅಮ್ಮನ ಕಣ್ಣು ತೆರೆದೇ ಇತ್ತು, ನೋಡುತ್ತಿರಲಿಲ್ಲ.

* * *

ಸಂಜೆ ಕೋಲಾರದ ಮನೆಗೆ ಬಂದು ದೀಪ ನೋಡಿಕೊಂಡು ನೆಂಟರೆಲ್ಲ ಹೊರಟರು. ಗಂಗರತ್ನಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಚಂದ್ರಮೋಹನ್ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತ. ರಂಜಿತ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ, ಅವಳ ಕೈಲಿದ್ದ ಅಮ್ಮನ ಫೋನ್ ಹೊಡೆದುಕೊಂಡಿತು.

"ಅನಿತಾ ಮೇಡಮ್, ಪ್ಯಾಕರ್ಸ್ ಕಡೆಯಿಂದ. ನಾಳೆ ನಿಮ್ ಕಂಟೇನರ್ ಹಡಗಿಗೆ ಏರುತ್ತೆ. ಲೋಡ್ ಮಾಡಿಸ್ಬಹುದಲ್ವಾ?"

ಅಮ್ಮ ಇಲ್ಲ ಎಂದು ನಿನ್ನೆಯಿಂದ ಎಷ್ಟೋ ಜನಕ್ಕೆ ಹೇಳಿದ್ದ ಮಾತು ಈ ಸಲ ಅವಳ ಬಾಯಿಗೆ ಬರಲಿಲ್ಲ.

"ಬೇಡ," ಎಂದಳು.

"ಮೇಡಮ್?"

"ಏರಿಸ್ಬೇಡಿ. ವಾಪಸ್ ಕಳಿಸಿ. ಕೋಲಾರದ ಮನೆಗೇ."

"ಯಾಕ್ ಮೇಡಮ್, ಡೇಟ್ ಏನಾದ್ರೂ ಮುಂದಕ್ಕೆ ಹೋಯ್ತಾ?"

"ಇಲ್ಲ. ನಾನು ಹೋಗ್ತಾ ಇಲ್ಲ." ನೀರಿನ ಲೋಟ ಕೆಳಗಿಟ್ಟು ಅಂದಳು, "ಇಲ್ಲೇ ಇರ್ತೀನಿ."

ಆ ಬರಿ ಮನೆಯಲ್ಲಿ ಅವಳ ದನಿ ತಾಯಿಯ ದನಿಯೇ ಆಗಿ ನಡುಮನೆಗೆ ಹೋಯಿತು. ಗಂಗರತ್ನಮ್ಮ ಥಟ್ಟನೆ ಎದ್ದು ಕೂತು ಅಡುಗೆಮನೆಯ ಬಾಗಿಲನ್ನೇ ನೋಡಿದರು.

ಚಂದ್ರಮೋಹನ್ ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಲ್ಲೇ ಮೆಲ್ಲಗೆ ಒಂದು ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದ.