ಕೊನೆಯ ಸಾಲು

ಹೆಂಡತಿ ಬರೆದದ್ದರ ಕೊನೆಗೆ ಗಂಡ ತನ್ನದೊಂದು ಸಾಲು ಸೇರಿಸಿದ. ಅವಳನ್ನು ಕೇಳಲಿಲ್ಲ.

ಅವಳಿಗೆ ಅದು ಗೊತ್ತಾದದ್ದು ಮರುದಿನ, ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಾಗ. ಆ ಕೋಣೆಯಲ್ಲಿ ಎರಡು ಹೊಲಿಗೆ ಮೆಷೀನು, ಒಂದು ಇಸ್ತ್ರಿ ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು. ಎದುರಿನ ಸ್ಟೂಲಿನಲ್ಲಿ ಕೂತು ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವ ಹೆಂಗಸನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಕಾಜಾ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೊಬೈಲನ್ನು ಕೈ ಚಾಚಿದಷ್ಟು ದೂರ ಹಿಡಿದು ಓದಿದಳು.

"'ಎಲ್ಲರಿಗೂ ಬಡಿಸಿ, ಅವರು ಉಣ್ಣುವುದನ್ನು ನಿಂತು ನೋಡುವುದರಲ್ಲಿಯೇ ನನ್ನ ಹೊಟ್ಟೆ ತುಂಬುತ್ತದೆ.' ಅಯ್ಯೋ ನನ್ ತಾಯಿ! ಹಾಗಾದ್ರೆ ದಿನಾ ಮಧ್ಯಾಹ್ನ ನನ್ ಡಬ್ಬಿಗೆ ಯಾಕೆ ಕೈ ಹಾಕ್ತೀಯೆ?"

"ಏನದು? ಎಲ್ಲಿದೆ?"

"ನಿನ್ ಬ್ಲಾಗಲ್ಲೇ ಕಣೆ. ನೀನೇ ಬರೆದು ನನ್ನೇ ಕೇಳ್ತೀಯಲ್ಲ."

ಪೆಡಲಿನ ಮೇಲೆ ಅವಳ ಕಾಲು ನಿಂತಿತು. ಸೂಜಿ ಬಟ್ಟೆಯೊಳಗೇ ಉಳಿಯಿತು.

ಬ್ಲಾಗು ಶುರುವಾಗಿ ಬಹಳ ದಿನವೇನೂ ಆಗಿರಲಿಲ್ಲ. ಮೆಷೀನು ತುಳಿಯುವಾಗ ತಲೆಯಲ್ಲಿ ಓಡುವ ಮಾತುಗಳನ್ನು ಬಸ್ಸಿನಲ್ಲಿ ಮೊಬೈಲಿಗೆ ಇಳಿಸುತ್ತಿದ್ದಳು. ಬ್ಲಾಗು ಎಂದರೆ ಡೈರಿಯೆಂದು ತಿಳಿದು ಮೊದಲ ಬರಹದ ತಲೆಗೇ 'ದಯವಿಟ್ಟು ಯಾರೂ ಓದಬೇಡಿ' ಎಂದು ಹಾಕಿದ್ದಳು. ಅದನ್ನೇ ಜನ ಹೆಚ್ಚು ಓದಿದ್ದರು. ಮನೆಯವರಿಗೆಲ್ಲ ಅಡ್ಡಹೆಸರು ಇಟ್ಟಿದ್ದಳು. ಬೆಳಗ್ಗೆ ಕಿಟಕಿಯಲ್ಲಿ ಇಣುಕಿ ಮಳೆಯಿಲ್ಲ ಎಂದು ಹೇಳಿ ಎಲ್ಲರನ್ನೂ ನೆನೆಸುವ ಮಾವ 'ಹವಾಮಾನ ಇಲಾಖೆ'. ಕೂತಲ್ಲಿಂದಲೇ ಮನೆ ನಡೆಸುವ ಅತ್ತೆ 'ಹೈಕಮಾಂಡ್'. ಟಿವಿ ಆರಿದ ಮೇಲೂ ಕೈ ಸಡಿಲಿಸದ ಗಂಡ 'ರಿಮೋಟು'. ಗಂಡನೇ ಅವನ್ನು ಊಟದ ಹೊತ್ತಿಗೆ ಜೋರಾಗಿ ಓದುತ್ತಿದ್ದ. ಮಾವನ ಕಥೆಗೆ ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು, ಅತ್ತೆಯ ಕಥೆಗೆ ಮಾವ ಕೆಮ್ಮು ಹತ್ತುವಷ್ಟು ನಗುತ್ತಿದ್ದರು. ತಮ್ಮ ಸರದಿ ಬಂದಾಗ ಮಾತ್ರ ಒಬ್ಬೊಬ್ಬರಿಗೂ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತಿತ್ತು.

ತನ್ನ ಬಗ್ಗೆ ಅವಳು ಬರೆದದ್ದು ಇದೊಂದೇ. 'ನಮ್ಮ ಊಟದ ಮೇಜಿಗೆ ನಾಲ್ಕು ಕುರ್ಚಿ. ಮೂರರಲ್ಲಿ ಮನೆಯವರು ಕೂರುತ್ತಾರೆ. ನಾಲ್ಕನೆಯದರಲ್ಲಿ ಹಳೇ ಪೇಪರುಗಳು ಕೂರುತ್ತವೆ. ಈ ಮನೆಗೆ ಅವು ನನಗಿಂತ ಮುಂಚೆ ಬಂದವು, ಸೀನಿಯರ್ ಅಲ್ಲವೇ? ಅದಕ್ಕೇ ನಾನು ನಿಂತಿರುತ್ತೇನೆ. ಒಂದೇ ಸಮಾಧಾನ, ಪೇಪರಿಗೆ ಬಡಿಸಬೇಕಾಗಿಲ್ಲ.' ಅಲ್ಲಿಗೆ ನಿಲ್ಲಿಸಿದ್ದಳು. ಅವತ್ತು ಊಟದ ಹೊತ್ತಿಗೆ ಯಾರೂ ಅದನ್ನು ಜೋರಾಗಿ ಓದಿರಲಿಲ್ಲ.

ಬ್ಲಾಗಿನ ಪಾಸ್‌ವರ್ಡ್ ಹಾಕಿಕೊಟ್ಟಿದ್ದವನು ಗಂಡ. ತನ್ನ ಹುಟ್ಟಿದ ತಾರೀಖನ್ನೇ ಹಾಕಿ, ಇದಾದರೆ ನಿನಗೆ ಮರೆಯಲ್ಲ ಎಂದಿದ್ದ. ಅವನಿಗೂ ಮರೆತಿರಲಿಲ್ಲ.

ಆ ಸಾಲಿನ ಕೆಳಗೆ ಜನ ಬರೆದಿದ್ದರು: ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು. ಈಗಿನ ಹುಡುಗಿಯರು ನೋಡಿ ಕಲಿಯಲಿ. ಅವಳು ಓದುತ್ತ ಹೋದಳು. ಬೇರೆ ಯಾರದೋ ಅಳತೆಯ ಅಂಗಿಯನ್ನು ತನಗೆ ತೊಡಿಸಿ, ಬೀದಿಯಲ್ಲಿ ನಿಲ್ಲಿಸಿ, ಎಷ್ಟು ಚೆನ್ನಾಗಿ ಕೂತಿದೆ ಎಂದು ಚಪ್ಪಾಳೆ ತಟ್ಟಿದ ಹಾಗಿತ್ತು.

ಅಷ್ಟರಲ್ಲಿ ಅಂಗಡಿಯ ಮಾಲೀಕ ಪ್ಯಾಂಟುಗಳ ಇನ್ನೊಂದು ರಾಶಿ ತಂದು ಮೆಷೀನಿನ ಪಕ್ಕ ಇಳಿಸಿದ. "ನಮ್ಮನೆಯವ್ಳು ಓದಿದ್ಳಮ್ಮ ನೀನು ಬರ್ದಿದ್ದು. ಬೇರೆಯವ್ರಿಗೆ ದುಡಿದ್ರೇನೇ ಹೊಟ್ಟೆ ತುಂಬುತ್ತಂತಲ್ಲ! ಹಾಗಾದ್ರೆ ಇವೂ ಇವತ್ತೇ ಆಗ್ಲಿ."

"ಊಟದ ಬಿಡುವೂ ಕೊಡ್ಬೇಡಿ ಸಾರ್, ಇವ್ಳಿಗೆ ಹೊಟ್ಟೇನೇ ಇಲ್ಲ," ಎಂದಳು ಕಾಜಾ ಅಕ್ಕ. ಮಾಲೀಕ ತಮಾಷೆಯೆಂದುಕೊಂಡು ನಕ್ಕು ಹೋದ.

ಅವಳು ಸಾಲನ್ನು ಅಳಿಸಿದಳು. ಹೊಲಿಗೆ ಬಿಚ್ಚುವುದಕ್ಕಿಂತ ಸುಲಭವಾಗಿತ್ತು. ಪಾಸ್‌ವರ್ಡ್ ಬದಲಾಯಿಸುವುದು ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ.

"ನನ್ ಮಗಳಾಗಿದ್ರೆ 'ಅಮ್ಮಾ, ಏನೂ ಮುಟ್ಬೇಡ' ಅಂತಿದ್ಳು," ಎಂದು ಕಾಜಾ ಅಕ್ಕ ಸ್ಟೂಲು ಹತ್ತಿರ ಎಳೆದುಕೊಂಡಳು. "ಕೊಡಿಲ್ಲಿ, ಎಲ್ಲಾನೂ ಮುಟ್ಟೇಬಿಡೋಣ." ಇಬ್ಬರೂ ಸೇರಿ ಬೇಡದ್ದನ್ನೆಲ್ಲ ಒತ್ತಿ, ಬ್ಲಾಗಿನ ಬಣ್ಣವನ್ನು ಕಡುನೇರಳೆ ಮಾಡಿಟ್ಟು, ಕೊನೆಗೆ ಜಾಗ ಕಂಡುಹಿಡಿದರು. ಹೊಸದನ್ನು ಬರೆಯುವಾಗ ಕಾಜಾ ಅಕ್ಕ ಗೋಡೆಯ ಕಡೆ ತಿರುಗಿ ಕೂತಳು. "ನಂಗೂ ತೋರಿಸ್ಬೇಡ."

ಸಂಜೆ ಮನೆಗೆ ಬಂದರೂ ಕೈ ಒಂದೆಡೆ ನಿಲ್ಲಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಊಟಕ್ಕೆ ಕರೆದಾಗ ಮೂವರೂ ಬಂದು ಕೂತರು. ಗಂಡ ಮೊಬೈಲನ್ನು ತಟ್ಟೆಯ ಪಕ್ಕ ಇಟ್ಟ.

"ಆ ಸಾಲು ಎಲ್ಲೋಯ್ತು?"

"ತೆಗ್ದೆ."

"ಬ್ಲಾಗ್ ಒಳಗೆ ಹೋಗಕ್ಕೂ ಆಗ್ತಿಲ್ಲ ನಂಗೆ. ಆಫೀಸಲ್ಲಿ ಮೊದ್ಲು ಓದ್ದೋರು, 'ಏನ್ ಸಾರ್, ನಿಮ್ಮನೇಲಿ ಕುರ್ಚಿಗೂ ಬರನಾ' ಅಂದ್ರು. ಅದಕ್ಕೇ ಹಾಕ್ದೆ. ಈಗ ಮುಖ ಎಲ್ಲಿಟ್ಕೊಳ್ಲಿ?"

"ನಾಲ್ಕನೇ ಕುರ್ಚೀಲಂತೂ ಜಾಗ ಇಲ್ಲ."

ಮಾವ ಬಂದ ನಗುವನ್ನು ಕೆಮ್ಮಾಗಿಸಿಕೊಂಡರು.

"ಇಡೀ ದಿನ ಸ್ಟೂಲ್ ಮೇಲೆ ಕೂತೇ ಇರ್ತೀಯಲ್ಲ," ಎಂದ ಗಂಡ. "ಮನೇಲಿ ಒಂದ್ ಗಳಿಗೆ ನಿಂತ್ರೆ ಸವೆದೋಗ್ತೀಯಾ?"

"ಒಂದು ಸಾಲು ತಾನೇ, ಹಾಕ್ಬಿಡಮ್ಮ," ಎಂದರು ಅತ್ತೆ. "ಕೇಳಕ್ಕೂ ಚೆನ್ನಾಗಿದೆ."

"ಅತ್ತೆ, ಈ ಮನೆಗೆ ಬಂದ ಹೊಸದ್ರಲ್ಲಿ ನೀವೂ ನಿಂತೇ ಬಡಿಸ್ತಿದ್ರಲ್ಲ. ಯಾವತ್ತಾದ್ರೂ ನೋಡಿ ನೋಡೇ ಹೊಟ್ಟೆ ತುಂಬಿತ್ತಾ?"

ಅತ್ತೆ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ನಾಳೆ ಮಳೆ ಇರಲ್ಲ," ಎಂದರು ಮಾವ, ಯಾರಿಗೂ ಅಲ್ಲದೆ.

ಅವಳು ನಾಲ್ಕನೆಯ ಕುರ್ಚಿಯ ಮೇಲಿದ್ದ ಪೇಪರಿನ ಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ನೆಲಕ್ಕಿಟ್ಟಾಗ ಧೂಳೆದ್ದಿತು. ಕುರ್ಚಿಯ ಮೇಲೆ ಪೇಪರಿದ್ದಷ್ಟೂ ಜಾಗ ಹೊಸದರಂತೆ ಮಿನುಗುತ್ತಿತ್ತು. ಅದನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತಳು. ತನಗೊಂದು ತಟ್ಟೆ ಇಟ್ಟುಕೊಂಡು, ಬಡಿಸಿಕೊಂಡು, ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

ಗಂಡ ತನ್ನ ಖಾಲಿ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ. "ಏನ್ ನಾಟಕ ಇದು? ಏಳು. ಮೊದ್ಲು ಬಡಿಸು. ಆಮೇಲೆ ಪಾಸ್‌ವರ್ಡ್ ಹೇಳು, ಆ ಸಾಲು ನಾನೇ ಹಾಕ್ತೀನಿ."

"ಹೇಳಲ್ಲ. ಏಳೋದೂ ಇಲ್ಲ."

ಸೌಟಿನ ಹಿಡಿ ಅವನ ಕಡೆಗೇ ತಿರುಗಿತ್ತು. ಅವಳು ಮೊದಲ ತುತ್ತು ಬಾಯಿಗಿಟ್ಟಳು. ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ಅವಳ ಕಾಲು ಮಾತ್ರ ಮೆಷೀನು ತುಳಿಯುತ್ತಲೇ ಇತ್ತು.