ಬಾಗದ ಕೊರಳು

ಬೆಳಿಗ್ಗೆ ಕಳಕಮ್ಮ ಎಂದಿನಂತೆ ಬೂದ್ಯಾನ ಕೊರಳನ್ನು ತಬ್ಬಿಕೊಂಡಿದ್ದಳು, ಅಷ್ಟೆ. ಅವಳ ಮಡಿಲಲ್ಲೇ ಬೆಳೆದ ನಾಯಿ ಗಕ್ಕನೆ ತಿರುಗಿ ಮುಂಗೈಗೆ ಬಾಯಿ ಹಾಕಿತು. ಮರುಗಳಿಗೆಯೇ ಬಿಟ್ಟು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ಹಿಂದೆ ಸರಿಯಿತು. ತಾಯಿ ಹಂಪವ್ವ ಒಲೆಯ ಮುಂದಿನಿಂದ ಓಡಿ ಬಂದಾಗ ಮಗಳ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಕುಕನೂರಿನ ಮಗ್ಗುಲಿನ ಆ ಹಳ್ಳಿಯಲ್ಲಿ ಇಂಥ ಸುದ್ದಿ ಹಬ್ಬಲು ಹೊತ್ತು ಬೇಕಿರಲಿಲ್ಲ. ಹೋದ ಬೇಸಿಗೆಯಲ್ಲಿ ದುರುಗವ್ವನ ಮಗ ಹುಚ್ಚುನಾಯಿ ಕಚ್ಚಿ ಸತ್ತಿದ್ದ. ತಂಬಿಗೆಯ ನೀರು ಕಂಡರೆ ಅವನ ಗಂಟಲು ಸೆಟೆದುಕೊಳ್ಳುತ್ತಿದ್ದುದನ್ನು ಊರೇ ಬಾಗಿಲಲ್ಲಿ ನಿಂತು ನೋಡಿತ್ತು. ಹಂಪವ್ವನೂ ನೋಡಿದ್ದಳು. ನೋಡಿದ ಮೇಲೆ ಮರೆಯಲು ಆಗಿರಲಿಲ್ಲ.

ಅತ್ತೆ ಪಕ್ಕೀರವ್ವ ಗಾಯಕ್ಕೆ ಸುಣ್ಣ, ಖಾರದ ಪುಡಿ ಒತ್ತಿದಳು. ಹುಡುಗಿಯ ಕಿರುಚಾಟಕ್ಕೆ ಊರು ಕಾಯುವ ತಳವಾರ ಅಂದಪ್ಪನೇ ಬಂದ. ಹಿಂದೆ ನಾಲ್ಕಾರು ಮಂದಿ.

“ನಾಯಿಗಿ ಏನಾಗೈತಿ, ತಂಗೆವ್ವಾ?”

“ಏನೂ ಆಗಿಲ್ಲಣ್ಣಾ. ಹುಡುಗಿ ಜೋರು ಅವಚಿಕೊಂಡ್ಳು. ಬಾಯಿ ಹಾಕೇತಿ.”

“ಏನೂ ಆಗದ ನಾಯಿನ್ನ ಮುದಿಯಪ್ಪ ಹಿಂಡಿನಿಂದ ಮನಿಗೆ ಯಾಕ ಕಳಿಸ್ಯಾನ?”

ಹಂಪವ್ವನ ಗಂಡ ಮುದಿಯಪ್ಪ ಗಂಗಾವತಿ ಸೀಮೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ಹೋಗಿದ್ದ. ಮೊನ್ನೆ ಮೊನ್ನೆ ಊರಿನವರ ಬಂಡಿಯ ಹಿಂದೆ ಬೂದ್ಯಾನನ್ನು ಕಳಿಸಿ, ‘ಕುರಿಮರಿ ಮೈಗೆ ತಾಕಿದ್ರೂ ಹಲ್ಲು ಕಿಸಿತೈತಿ, ಮನ್ಯಾಗ ಇರ್ಲಿ’ ಎಂದು ಹೇಳಿ ಕಳಿಸಿದ್ದ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಂಡಿಯವನು ಹೇಳಿದ್ದನೆಂದು ಈಗ ಗೊತ್ತಾಯಿತು.

ನಾಯಿಯನ್ನು ಕುರಿದೊಡ್ಡಿಗೆ ಅಟ್ಟಿ ಅಗಳಿ ಹಾಕಿದರು. ಅಂದಪ್ಪ ಗೋಡೆಯಾಚೆಯಿಂದ ನೆಲದಲ್ಲಿ ಹೂತಿದ್ದ ಕಲ್ಬಾನಿಗೆ ನೀರು ಸುರಿದ.

“ನೀರು ಕುಡೀತಂದ್ರ ನಾನ ಕೈ ಮುಗದು ಹೋಗ್ತೀನಿ.”

ಎಲ್ಲರೂ ಗೋಡೆಗೆ ಆತು ನಿಂತರು. ಬೂದ್ಯಾ ಬಂದ. ನೀರಿನ ಮೇಲೆ ಮುಖ ಇಳಿಸಿದ. ಇಳಿಸಿದವನು ಅರ್ಧಕ್ಕೇ ನಿಂತ. ಮೈಯೆಲ್ಲ ನಡುಗಿತು, ಗುರ್ರೆಂದ, ಕುಯ್ಯೆಂದು ತಲೆ ಎತ್ತಿ ದೂರ ಸರಿದ. ಮತ್ತೆ ಬಂದ, ಮತ್ತೆ ಹಾಗೆಯೇ.

“ಶಿವನೇ! ನೀರು ಒಲ್ಲದು ನೋಡ್ರಿ,” ಯಾರೋ ಅಂದರು.

ಅಂದಪ್ಪ ದನಿ ತಗ್ಗಿಸಿದ. “ಪಾಟೀಲರಿಗಿ ಹೇಳಿ ಈಟಿ ತರ್ತೀನಿ. ಹುಡುಗಿನ್ನ ಒಳಗ ಇಟ್ಕೋ, ತಂಗೀ. ನೋಡೋದು ಬ್ಯಾಡ.”

“ಕಟ್ಟಿ ಇಡೂಣಣ್ಣಾ! ಸಾಯ್ತೈತೋ ಬದುಕ್ತೈತೋ ನೋಡೂಣ!”

“ಕಟ್ಟಾಕ ಕೊಳ್ಳಿಗಿ ಹಗ್ಗ ಹಾಕಾವರು ಯಾರು? ನೀ ಹಾಕ್ತಿಯೇನು?”

ಅವನು ಹೋದ ಮೇಲೆ ಪಕ್ಕೀರವ್ವ ಸೊಸೆಯನ್ನು ಗದರಿದಳು. “ಕಚ್ಚಿದ ನಾಯಿ ಸತ್ರ ಮೈಯಾಗಿನ ವಿಷ ಇಳೀತೈತಿ ಅಂತಾರ. ನಿನಗ ಮಗಳು ಬೇಕೋ, ನಾಯಿ ಬೇಕೋ?”

“ಮಗಳು ಬೇಕಂತನ ನಾಯಿ ಉಳೀಬೇಕು, ಅತ್ತಿ.”

ಬಿಡಿಸಿ ಹೇಳಲು ಹಂಪವ್ವನಿಗೆ ತಾಳ್ಮೆ ಇರಲಿಲ್ಲ. ಹುಚ್ಚಿಗೆ ಹೊಕ್ಕಳ ಸುತ್ತ ಚುಚ್ಚುವ ಸೂಜಿ ದೂರದ ದೊಡ್ಡ ದವಾಖಾನೆಯಲ್ಲಿ ಇದೆಯೆಂದು ಕೇಳಿದ್ದಳು. ಗಂಡಸಿಲ್ಲದ ಹೊತ್ತಿನಲ್ಲಿ ಕೊಪ್ಪಳಕ್ಕೆ ಬಂಡಿ ಕಟ್ಟಿ, ರೈಲು ಹತ್ತಿ, ಹುಡುಗಿಯನ್ನು ಎತ್ತ ಒಯ್ಯಬೇಕು? ಅಥವಾ ಒಯ್ಯುವುದೇ ಬೇಡವೋ? ಹುಚ್ಚಿದ್ದರೆ ನಾಯಿ ಕೆಲವೇ ದಿನಗಳಲ್ಲಿ ಸಾಯುತ್ತದೆ; ನಿಜ ಹೇಳಬಲ್ಲುದು ಅದೊಂದೇ. ಅದನ್ನು ಕೊಂದರೆ ಮಗಳ ಗತಿ ಏನೆಂದು ತಿಳಿಯುವ ಬಾಗಿಲೇ ಮುಚ್ಚಿದಂತೆ. ಆಮೇಲೆ ಕಳಕಮ್ಮ ಕೆಮ್ಮಿದರೂ, ತುತ್ತು ಒಲ್ಲೆನೆಂದರೂ, ತಾನು ದುರುಗವ್ವನ ಮಗನನ್ನೇ ನೋಡುತ್ತ ಕೂರಬೇಕು.

“ಯವ್ವಾ, ನೀರು ಕೊಡ,” ಒಳಗಿನಿಂದ ಕಳಕಮ್ಮ ಕೂಗಿದಳು.

ಹಂಪವ್ವ ತಂಬಿಗೆ ತುಂಬಿದಳು. ಹೊಸ್ತಿಲವರೆಗೆ ಹೋದಳು. ಕಚ್ಚಿದ ದಿನವೇ ಏನೂ ತೋರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಮಗಳು ಮುಖ ತಿರುಗಿಸಿಬಿಟ್ಟರೆ? ತಂಬಿಗೆಯನ್ನು ಹೊಸ್ತಿಲ ಮೇಲೆಯೇ ಇಟ್ಟು ದೊಡ್ಡಿಯ ಕಡೆ ನಡೆದುಬಿಟ್ಟಳು.

ಗೋಡೆಯ ಮೇಲೆ ಗದ್ದ ಊರಿ ನೋಡತೊಡಗಿದಳು. ಬೂದ್ಯಾನ ಬಾಯಿಂದ ಜೊಲ್ಲು ಸುರಿಯುತ್ತಿರಲಿಲ್ಲ. ಕಣ್ಣು ಕೆಂಪಾಗಿರಲಿಲ್ಲ. ಹೆಸರು ಹಿಡಿದು ಕರೆದರೆ ಬಾಲದ ತುದಿ ಅಲುಗುತ್ತಿತ್ತು. ಆದರೆ ಅವನು ಮಲಗುತ್ತಿರಲಿಲ್ಲ. ಹೊರೆ ಹೊತ್ತವರ ಹಾಗೆ ತಲೆಯನ್ನು ನೆಟ್ಟಗೆ ಹಿಡಿದು ನಿಂತೇ ಇದ್ದ.

ದೊಡ್ಡಿಯ ಕಂಬಕ್ಕೆ ಕುರಿಗಾರರು ಹೆಗಲಿಗೆ ಹಾಕಿಕೊಳ್ಳುವ ತೊಗಲಿನ ನೀರುಚೀಲ ತೂಗುಬಿದ್ದಿತ್ತು. ಹೊಲಿಗೆ ಸೋರುತ್ತದೋ ಎಂದು ನೋಡಲು ಬೆಳಿಗ್ಗೆ ಅವಳೇ ತುಂಬಿ ನೇತುಹಾಕಿದ್ದಳು. ಅದು ಸೋರುತ್ತಿತ್ತು. ಬೂದ್ಯಾ ಮೆಲ್ಲಗೆ ಅದರ ಹತ್ತಿರ ಹೋದ. ಮೂತಿಯ ಮಟ್ಟದಲ್ಲಿದ್ದ ಒದ್ದೆ ಹೊಲಿಗೆಗೆ ನಾಲಿಗೆ ಚಾಚಿದ. ನೆಕ್ಕಿದ. ಆಸೆಯಿಂದ, ಬಿಡದೆ ನೆಕ್ಕಿದ.

ಹಂಪವ್ವ ಗೋಡೆಯಿಂದ ಗದ್ದ ಎತ್ತಿದಳು. ನೀರು ಒಲ್ಲದ ನಾಯಿ ನೀರು ನೆಕ್ಕುತ್ತದೆಯೇ?

ಬೋಗುಣಿಯಲ್ಲಿ ನೀರು ತಂದಳು. ಅಗಳಿ ತೆಗೆದಳು.

“ಹಂಪೀ!” ಅತ್ತೆ ಚೀರಿದಳು.

“ಒದರಬ್ಯಾಡ್ರಿ, ಅತ್ತಿ.”

ಬೋಗುಣಿಯನ್ನು ನೆಲಕ್ಕೆ ಇಡಲಿಲ್ಲ. ಮೊಣಕಾಲೂರಿ ಕುಳಿತು ನಾಯಿಯ ಮೂತಿಗೆ ಸರಿಯಾಗಿ ಎತ್ತಿ ಹಿಡಿದಳು. ಬೂದ್ಯಾ ಅವಳನ್ನೊಮ್ಮೆ, ನೀರನ್ನೊಮ್ಮೆ ನೋಡಿದ. ಆಮೇಲೆ ಬೋಗುಣಿಯ ತಳ ಕಾಣುವವರೆಗೆ ಕುಡಿದ.

ಹೊರಗೆ ಕಾಲ ಸಪ್ಪಳವಾಯಿತು. “ತಂಗೀ! ಬುದ್ಧಿ ಐತೋ ಇಲ್ಲೋ? ಹೊರಗ ಬಾ!” ಅಂದಪ್ಪನ ಈಟಿಯ ಮೊನೆ ಗೋಡೆಯ ಮೇಲೆ ಕಂಡಿತು.

“ನೀರು ಕುಡದಾನಣ್ಣಾ. ಇವಗ ನೀರು ಬೇಕು, ಕೊಳ್ಳು ಬಾಗವಲ್ದು. ಇನ್ನೊಂದು ಗಳಿಗಿ ತಡಿ.”

ಕಳಕಮ್ಮ ತಬ್ಬಿದ್ದು ಕೊರಳನ್ನು. ಕುರಿಮರಿಗಳು ಬಂದು ಮೈ ಉಜ್ಜುತ್ತಿದ್ದುದೂ ಅಲ್ಲಿಗೇ. ಹಂಪವ್ವ ದಟ್ಟ ಜೂಲಿನೊಳಗೆ ಬೆರಳು ಇಳಿಸಿದಳು. ಗುರ್ರೆಂಬ ಸದ್ದು ಅವಳ ಅಂಗೈಯಲ್ಲೇ ನಡುಗಿತು. ನಾಯಿ ಅವಳ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು. ಹಲ್ಲು ಚರ್ಮಕ್ಕೆ ತಾಕಿದವು. ಒತ್ತಲಿಲ್ಲ. ಅವಳು ಕೈ ಎಳೆದುಕೊಳ್ಳಲೂ ಇಲ್ಲ. ಬೆರಳಿಗೆ ಕೀವು ಹತ್ತಿತು, ನಾತ ಮೂಗಿಗೆ ಅಡರಿತು. ಇನ್ನೂ ಒಳಗೆ, ಮಾಂಸದ ನಡುವೆ, ನುಣ್ಣಗಿನ ಒಂದು ಕಲ್ಲು ಸಿಕ್ಕಿತು. ಕಲ್ಲಲ್ಲ, ಕವಡೆ.

“ಅತ್ತೀ,” ಅಂದಳು ಹಂಪವ್ವ, “ಹುಲಿಗೆಮ್ಮನ ಹುರಿ.”

ಪಕ್ಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ವಾಂತಿಭೇದಿ ಬಂದ ವರ್ಷ ಅವಳೇ ಉಣ್ಣೆ ಹೊಸೆದು, ಕವಡೆ ಪೋಣಿಸಿ, ಹುಲಿಗಿಯ ತಾಯಿ ಹುಲಿಗೆಮ್ಮನ ಹೆಸರಲ್ಲಿ ಮನೆಮಂದಿಗೆಲ್ಲ ಹುರಿ ಕಟ್ಟಿದ್ದಳು. ‘ಇವನೂ ಮನಿ ಮಗನ’ ಎಂದು ಆಗ ಮರಿಯಾಗಿದ್ದ ಬೂದ್ಯಾನಿಗೂ ಕಟ್ಟಿದ್ದಳು. ಬೇನೆ ಕಳೆದ ಮೇಲೆ ಹುಣ್ಣಿಮೆಗೆ ಹುಲಿಗಿಗೆ ಹೋಗಿ ಎಲ್ಲರೂ ಹುರಿ ಬಿಚ್ಚಿ ಗುಡಿಗೆ ಒಪ್ಪಿಸಿ ಬಂದಿದ್ದರು. ಆ ಹೊತ್ತಿಗೆ ಮರಿ ಹಿಂಡಿನ ಜೊತೆ ಹೋಗಿತ್ತು. ಕಟ್ಟುವಾಗ ನೆನಪಾದವನು ಬಿಚ್ಚುವಾಗ ಯಾರಿಗೂ ನೆನಪಾಗಲಿಲ್ಲ. ನಾಯಿ ಬೆಳೆಯಿತು, ಹುರಿ ಬೆಳೆಯಲಿಲ್ಲ.

“ಕತ್ತರಿ ಕೊಡ್ರಿ, ಅತ್ತಿ.”

“ಗುಡಿ ಮುಂದ ಬಿಚ್ಚೋ ಹುರಿ ಅದು. ಕತ್ತರಿ ತಾಕಬಾರದು. ತಾಯಿ ಸಿಟ್ಟು ಹುಡುಗಿ ಮ್ಯಾಲ ಬಂದೀತು, ಹಂಪೀ.”

ದೇವಿಯ ಭಯ ಹಂಪವ್ವನಿಗೇನು ಕಡಿಮೆ ಇರಲಿಲ್ಲ. ಅಂದಪ್ಪ ಈಟಿ ಕೆಳಗಿಟ್ಟು ಗೋಡೆಗೆ ಒರಗಿದ.

“ದೊಡ್ಡವ್ವಾ, ನನ್ನ ಈಟಿ ತಾಕಬೋದು, ನಿನ್ನ ಕತ್ತರಿ ತಾಕಬಾರದೇನು?”

ಪಕ್ಕೀರವ್ವ ಅವನನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿಯಿತ್ತು, ಹೆಗಲ ಮೇಲೆ ಕಂಬಳಿ. ದೊಡ್ಡಿಯೊಳಗೆ ಬಂದು ನಾಯಿಯ ತಲೆಗೆ ಕಂಬಳಿ ಸುತ್ತಿ ಎದೆಗೆ ಒತ್ತಿ ಹಿಡಿದಳು.

“ಕಟ್ಟಿದಾಕಿ ನಾನ, ತಾಯೀ. ಬಂದ್ರ ನನಗ ಬರ್ಲಿ,” ಎಂದು ಕಣ್ಣು ಮುಚ್ಚಿದಳು. “ಹೂಂ, ಹಾಕ.”

ಹಂಪವ್ವ ಜೂಲನ್ನು ಬಗೆದು ಕತ್ತರಿಯ ತುದಿಯನ್ನು ಹುರಿಯ ಕೆಳಗೆ ತೂರಿಸಿದಳು. ಕಂಬಳಿಯೊಳಗಿಂದ ಬಂದ ಕೂಗಿಗೆ ಅಂದಪ್ಪನೂ ಮುಖ ತಿರುಗಿಸಿದ. ಕಚಕ್ ಎಂದಿತು. ಕೀವು ರಕ್ತದೊಂದಿಗೆ ಕವಡೆ ಅವಳ ಅಂಗೈಗೆ ಬಿತ್ತು. ಪಕ್ಕೀರವ್ವ ಅದನ್ನು ತೊಳೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕಂಬಳಿ ಬಿಚ್ಚಿದಾಗ ಬೂದ್ಯಾ ಯಾರನ್ನೂ ಕಚ್ಚಲಿಲ್ಲ. ತಲೆ ಕೊಡವಿದ. ಕಲ್ಬಾನಿಯ ಹತ್ತಿರ ಹೋಗಿ, ಅಂಜುತ್ತ ಅಂಜುತ್ತ, ಕೊರಳು ಬಾಗಿಸಿದ. ನಾಲಿಗೆಯ ಚಪಚಪ ಸದ್ದು ಶುರುವಾಯಿತು.

“ಕೈ ಮುಗದು ಹೋಗ್ತೀನಿ ಅಂದಿದ್ದೆ,” ಎಂದು ಅಂದಪ್ಪ ನಾಯಿಗೆ ಕೈ ಮುಗಿದ. “ಆದ್ರೂ ದೊಡ್ಡಿ ಅಗಳಿ ಭದ್ರ ಇರ್ಲಿ ತಂಗೀ, ಇನ್ನ ಒಂದಿಷ್ಟು ದಿನ.”

“ನಾನ ಕಾಯ್ತೀನಣ್ಣಾ.”

ಹಂಪವ್ವ ಕೈ ತೊಳೆದು ಮನೆಗೆ ಬಂದಳು. ತಂಬಿಗೆ ಹೊಸ್ತಿಲ ಮೇಲೆ ಹಾಗೆಯೇ ಇತ್ತು. ಎತ್ತಿಕೊಂಡು ಒಳಗೆ ಹೋಗಿ ಮಗಳ ಮುಂದೆ ಚಾಚಿದಳು. ಈ ಸಲ ಅಲ್ಲಿಂದ ಸರಿಯದೆ ನಿಂತಳು.

“ಯಾವಾಗ ಕೇಳಿದ್ದೆ, ಈಗ ತಂದಿ?” ಎಂದು ಗೊಣಗುತ್ತ ಕಳಕಮ್ಮ ಎಡಗೈಯಲ್ಲೇ ತಂಬಿಗೆ ಎತ್ತಿದಳು. ಗುಟುಕು ಗುಟುಕಾಗಿ ಇಳಿಯುತ್ತಿದ್ದ ನೀರಿನೊಂದಿಗೆ ಏರಿಳಿಯುವ ಮಗಳ ಗಂಟಲನ್ನು ಹಂಪವ್ವ ರೆಪ್ಪೆ ಬಡಿಯದೆ ನೋಡಿದಳು.