ಮೂರನೆಯದಲ್ಲ, ನಾಲ್ಕನೆಯದು

ಸೋಮವಾರ ಬೆಳಿಗ್ಗೆ ಏಳನೇ ಮೆಷಿನ್‌ನ ಅಂಕಿ ನೋಡಿ ನನ್ನ ಪೆನ್ನು ನಿಂತಿತು. ಶುಕ್ರವಾರವಷ್ಟೇ ಅದಕ್ಕೆ ಹೊಸ ಮೆಮೊರಿ ಸ್ಟಿಕ್ ಹಾಕಿದ್ದರು. ಆದರೂ ತಪ್ಪುಗಳ ಸಂಖ್ಯೆ ಸಾವಿರದ ಎಂಟುನೂರು ದಾಟಿತ್ತು.

ಹೌಜ್ ಖಾಸ್‌ನ ಒಂದು ಇಂಜಿನಿಯರಿಂಗ್ ಸಂಸ್ಥೆಯ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಅಟೆಂಡರ್. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ದೆಹಲಿಗೆ ವರ್ಗವಾಯಿತು. ಇಲ್ಲಿನ ಶಾಲೆಯಲ್ಲಿ ಹಿಂದಿ ಬಾರದೆ, ಬಾಯಿ ತೆರೆಯಲು ಹೆದರಿ ಓದು ಬಿಟ್ಟೆ. ಲ್ಯಾಬಿನಲ್ಲಿ ಧೂಳು ಒರೆಸುವುದು, ಒಂಬತ್ತು ಮೆಷಿನ್‌ಗಳ ತಪ್ಪುಗಳನ್ನು ದಿನಾ ಬರೆದಿಡುವುದು ನನ್ನ ಕೆಲಸ.

ಅದೇಕೆಂದು ಇಂಜಿನಿಯರ್ ವಿಕ್ರಮ್ ಮೊದಲ ದಿನವೇ ಹೇಳಿದ್ದರು. "ಮೆಮೊರಿ ಒಳಗಿರೋದೆಲ್ಲ ಸೊನ್ನೆ, ಒಂದು, ಅಷ್ಟೇ. ಆಗಾಗ ಒಂದು ಸೊನ್ನೆ ತಾನಾಗೇ ಒಂದಾಗಿಬಿಡತ್ತೆ. ಮೆಷಿನ್ ಹಿಡಿದು, ಸರಿ ಮಾಡಿ, ಬರ್ಕೊಳತ್ತೆ. ಅಕ್ಕಪಕ್ಕ ಎರಡು ಒಟ್ಟಿಗೆ ಕೆಟ್ರೆ ಸರಿ ಮಾಡಕ್ಕಾಗಲ್ಲ. ಮೆಷಿನ್ನೇ ನಿಂತುಬಿಡತ್ತೆ, ಖತಂ."

ಏಳನೆಯದು ಆ ತಿಂಗಳಲ್ಲಿ ಎರಡು ಸಲ ನಿಂತಿತ್ತು. ಎರಡು ಸಲವೂ ಸಂಶೋಧನಾ ವಿದ್ಯಾರ್ಥಿನಿ ಧನ್ಯಾಳ ಕೆಲಸದ ನಡುವೆಯೇ. ಭೂಕಂಪವಾದರೆ ಯಮುನೆಯ ದಡದ ಸಡಿಲ ಮಣ್ಣು ಎಷ್ಟು ಅಲುಗೀತು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಮುಗಿಯಲು ಒಂಬತ್ತು ದಿನ ಬೇಕು. ಆರನೇ ದಿನಕ್ಕೇ ಎಲ್ಲ ಅಳಿಸಿಹೋಗುತ್ತಿತ್ತು. ಅಷ್ಟು ದೊಡ್ಡ ಮೆಮೊರಿ ಇದ್ದದ್ದು ಆ ಮೆಷಿನ್‌ನಲ್ಲಿ ಮಾತ್ರ. ಮುಂದಿನ ತಿಂಗಳಿಗೆ ಅವಳ ಫೆಲೋಶಿಪ್ ಮುಗಿಯುತ್ತಿತ್ತು.

ಪರದೆಯಲ್ಲಿ ಪ್ರತಿ ಸ್ಟಿಕ್‌ಗೂ ಒಂದು ಸಾಲು. ತಪ್ಪುಗಳೆಲ್ಲ ಮೂರು ಎಂಬ ನಂಬರಿನ ಎದುರಿಗೇ ಬರುತ್ತಿದ್ದವು. ವಿಕ್ರಮ್ ಮೂರನೇ ಜಾಗದ ಸ್ಟಿಕ್ಕನ್ನು ಮೂರು ಸಲ ಬದಲಾಯಿಸಿದ್ದರು.

"ಬೋರ್ಡೇ ಹೋಗಿದೆ," ಎಂದರು ಈಗ, ನನ್ನ ಪುಸ್ತಕ ನೋಡಿ. "ಗುಜರಿಗೆ ಹಾಕೋ ಕಂಡೆಮ್ ಫಾರ್ಮ್ ರೆಡಿ ಮಾಡಿದೀನಿ. ಹನ್ನೆರಡಕ್ಕೆ ನಮ್ಮ ಹೆಡ್ ಜಗನ್ನಾಥ ಸರ್ ಬಂದು ಸೈನ್ ಹಾಕ್ತಾರೆ. ಹೊಸದು ಬರಕ್ಕೆ ಒಂದು ವರ್ಷ."

"ತಬ್ ತಕ್, ಅಲ್ಲೀವರೆಗೆ ನಾನೇನ್ ಮಾಡ್ಲಿ?" ಧನ್ಯಾ ಸ್ಟೂಲಿನ ಮೇಲೆ ಕುಸಿದಳು. "ಯಮುನಾ ಹತ್ರ ಹೋಗಿ ನಾನೇ ಕುಣಿದು ಮಣ್ಣು ಅಲ್ಲಾಡಿಸ್ಲಾ?"

ನನಗೆ ಶುಕ್ರವಾರದ ಒಂದು ನೋಟ ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿತ್ತು. ಅಂದು ನಾನು ಟಾರ್ಚ್ ಹಿಡಿದು ನಿಂತಿದ್ದೆ. ವಿಕ್ರಮ್ ಹಾಕಿದ ಸ್ಟಿಕ್ ಸರಿಯಾಗಿ ಕೂರದೆ, ಮೆಷಿನ್ ಶುರುವಾದಾಗ ಪರದೆಯಲ್ಲಿ ಒಂದು ಸಾಲು ಖಾಲಿ ಬಂತು. ಅವರು ಬಯ್ದುಕೊಂಡು ಸ್ಟಿಕ್ ಒತ್ತಲು ಬಗ್ಗಿದರು. ಖಾಲಿ ಸಾಲನ್ನು ನೋಡಿದವಳು ನಾನೊಬ್ಬಳೇ. ಅದರ ನಂಬರ್ ಮೂರಲ್ಲ, ಎರಡು.

ಗಾಜಿಯಾಬಾದಿನ ಮನೆಗೆ ಹೋಗುವ ಮೆಟ್ರೊದಲ್ಲಿ ಬೆರಳು ಮಡಿಸಿ ಎಣಿಸಿದ್ದೆ. ಪರದೆಯ ಸಾಲುಗಳು ಸೊನ್ನೆಯಿಂದ ಶುರು. ಬೋರ್ಡಿನ ಮೇಲೆ ಅಚ್ಚಾದ ನಂಬರ್ ಒಂದರಿಂದ ಶುರು. ಪರದೆಯ ಮೂರು ಅಂದರೆ ಬೋರ್ಡಿನ ನಾಲ್ಕು. ಹಾಗಾದರೆ ಕೆಟ್ಟ ಸ್ಟಿಕ್ಕನ್ನು ಯಾರೂ ಮುಟ್ಟಿಯೇ ಇಲ್ಲ.

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

"ಅಕ್ಕಾ," ಎಂದೆ ಧನ್ಯಾಳಿಗೆ. "ಅದು ಮೂರನೆಯದಲ್ಲ. ನಾಲ್ಕನೆಯದು."

ವಿಕ್ರಮ್ ತಿರುಗಿದರು. "ಧಾರಿಣಿ ಮೇಡಂ ಮಾತಾಡಿದ್ರು. ಯಾರಾದ್ರೂ ಡೇಟ್ ಬರೆದಿಟ್ಕೊಳ್ಳಿ."

ಖಾಲಿ ಸಾಲಿನ ಕತೆ ಹೇಳಿದೆ. ಮಾತು ಒಂದರ ಮೇಲೊಂದು ಬಿದ್ದು ಬಂತು. ಅವರ ನಗು ಅರ್ಧಕ್ಕೇ ನಿಂತಿತು.

"ಹಾಗಿರಲ್ಲ. ಪರದೆ ನಂಬರನ್ನ ಬೋರ್ಡ್ ನಂಬರಿಗೆ ಹೊಂದಿಸೋ ಫೈಲ್ ಹಾಕಿದ್ದು ನಾನೇ."

"ನೀನೇ ಹಾಕಿದ್ದಾ? ಫಿರ್ ತೋ ಗಯಾ, ಮುಗೀತು ಕತೆ," ಎಂದಳು ಧನ್ಯಾ. ಅವಳು ಎದ್ದು ನಿಂತಿದ್ದಳು. "ಈಗ ಪ್ರೂವ್ ಮಾಡೋದ್ ಹೇಗೆ, ಧಾರಿಣಿ?"

ಅದಕ್ಕೂ ಉತ್ತರ ನನ್ನ ಪುಸ್ತಕದಲ್ಲಿತ್ತು. "ಮೇ ತಿಂಗಳಲ್ಲಿ ಏಸಿ ಕೆಟ್ಟ ದಿನ ಏಳನೇದರಲ್ಲಿ ತಪ್ಪು ನಾಲ್ಕು ಪಟ್ಟು ಆಗಿತ್ತು. ಕೆಟ್ಟ ಸ್ಟಿಕ್ಕಿಗೆ ಬಿಸಿ ತಾಗಿದ್ರೆ..."

ಧನ್ಯಾ ಆಗಲೇ ಬಾಗಿಲು ದಾಟಿದ್ದಳು. ಹತ್ತು ನಿಮಿಷದಲ್ಲಿ ಹಾಸ್ಟೆಲ್‌ನಿಂದ ಹೇರ್ ಡ್ರೈಯರ್ ಹಿಡಿದು ಏದುಸಿರು ಬಿಡುತ್ತಾ ಬಂದಳು.

ಮೆಷಿನ್‌ನ ಮುಚ್ಚಳ ತೆಗೆದೆವು. ಬಿಸಿ ಪಕ್ಕಕ್ಕೆ ಹೋಗದಂತೆ ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ ಸ್ಟಿಕ್‌ಗಳ ನಡುವೆ ಇಳಿಸಿದೆ. ಬೋರ್ಡಿನ ಮೂರನೇ ಜಾಗಕ್ಕೆ ದೂರದಿಂದ ಬಿಸಿ ಗಾಳಿ ಹಿಡಿದೆ. ನಾನು ಬೆಳಿಗ್ಗೆ ಬರೆದುಕೊಂಡ ಮೇಲೆ ಶುರುವಾದ ಹೊಸ ಎಣಿಕೆಯನ್ನು ವಿಕ್ರಮ್ ಪರದೆಯಿಂದ ಓದುತ್ತಿದ್ದರು.

"ಇಪ್ಪತ್ತೆರಡು. ಇಪ್ಪತ್ತೆರಡು." ಎರಡು ನಿಮಿಷ ಕಳೆಯಿತು. "ಇಪ್ಪತ್ಮೂರು. ಅದು ಮಾಮೂಲಿ."

ರಟ್ಟು ಸರಿಸಿ ನಾಲ್ಕನೆಯದಕ್ಕೆ ಹಿಡಿದೆ. ಡ್ರೈಯರ್ ಅಲುಗದಿರಲೆಂದು ಮೊಣಕೈಯನ್ನು ಮೇಜಿಗೆ ಒತ್ತಿದ್ದೆ.

"ಇಪ್ಪತ್ಮೂರು. ಇಪ್ಪತ್ತಾರು." ಅವರು ಕುರ್ಚಿ ಮುಂದಕ್ಕೆಳೆದರು. "ನಲವತ್ತು. ಅರವತ್ತೊಂದು. ಅರೇ, ನಿಲ್ತಾನೇ ಇಲ್ಲ. ನೂರಾ ಏಳು. ಸಾಕು, ಸಾಕು, ತೆಗಿ."

ಧನ್ಯಾ ನನ್ನ ಭುಜವನ್ನು ಹಿಡಿದ ಹಿಡಿತಕ್ಕೆ ನೋವಾಯಿತು. ನಾನು ಬಿಡಿಸಿಕೊಳ್ಳಲಿಲ್ಲ.

"ಆದ್ರೆ ಸ್ಟೋರ್‌ನವರು ಇನ್ನೊಂದು ಸ್ಟಿಕ್ ಕೊಡಲ್ಲ," ಎಂದರು ವಿಕ್ರಮ್.

"ನೀವು ಕಿತ್ತು ಹಾಕಿದ ಮೂರೂ ಡ್ರಾಯರ್‌ನಲ್ಲಿವೆ," ಎಂದೆ. "ಅವು ಕೆಟ್ಟೇ ಇಲ್ಲವಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಸ್ಕ್ರೂ ಡ್ರೈವರನ್ನು ಹಿಡಿಯ ಕಡೆಯಿಂದ ನನಗೆ ಚಾಚಿದರು. "ನೀನೇ ಹಾಕು."

ನಾಲ್ಕನೆಯದನ್ನು ಬದಲಾಯಿಸಿ ಮೆಷಿನ್ ಶುರು ಮಾಡಿದೆವು. ಮೆಮೊರಿ ಪೂರ್ತಿ ತುಂಬುವ ಪರೀಕ್ಷೆ ಹಚ್ಚಿದೆವು. ಹತ್ತು ನಿಮಿಷ, ಸೊನ್ನೆ. ಅರ್ಧ ಗಂಟೆ, ಸೊನ್ನೆ. ಡ್ರೈಯರ್ ಹಿಡಿದೆ, ಆಗಲೂ ಸೊನ್ನೆ.

ಹನ್ನೆರಡಕ್ಕೆ ಜಗನ್ನಾಥ ಸರ್ ಪೆನ್ನಿನ ಕ್ಯಾಪ್ ತೆಗೆದುಕೊಂಡೇ ಒಳಗೆ ಬಂದರು. "ಎಲ್ಲಪ್ಪಾ ಸೈನ್ ಮಾಡೋದು?"

"ಎಲ್ಲೂ ಇಲ್ಲ ಸರ್," ಎಂದರು ವಿಕ್ರಮ್. "ನಂಬರ್ ನಾನು ತಪ್ಪು ಹೊಂದಿಸಿದ್ದೆ. ಧಾರಿಣಿ ಹಿಡಿದಳು."

ಸರ್ ಪೂರ್ತಿ ಕೇಳಿಸಿಕೊಂಡರು. ಪರದೆಯ ಸೊನ್ನೆಯನ್ನು ಬಗ್ಗಿ ನೋಡಿದರು. ನಂತರ ನಿಧಾನವಾಗಿ ಕೇಳಿದರು, "ಹೋದ ವರ್ಷ ಇದೇ ಥರ ಅಂತ ಎರಡು ಮೆಷಿನ್ ಕಂಡೆಮ್ ಮಾಡಿದ್ವಲ್ಲ. ಅವಕ್ಕೂ ಇದೇ ಫೈಲಾ?"

ವಿಕ್ರಮ್ ಅವರ ಕಿವಿಗಳು ಕೆಂಪಾದವು. ಹೌದೆಂದು ತಲೆಯಾಡಿಸಿದರು.

"ಹರಾಜಿಗೆ ಇನ್ನೂ ಹೋಗಿಲ್ಲ ಸರ್," ಎಂದೆ. "ಬೇಸ್‌ಮೆಂಟಿನಲ್ಲಿವೆ. ವಾರಕ್ಕೊಮ್ಮೆ ಒರೆಸ್ತೀನಿ."

ಹಿಂದೆ ಧನ್ಯಾ ತನ್ನ ಒಂಬತ್ತು ದಿನಗಳ ಲೆಕ್ಕಕ್ಕೆ ಎಂಟರ್ ಒತ್ತಿದ ಸದ್ದು ಕೇಳಿತು. ಏಳನೇ ಮೆಷಿನ್‌ನ ಫ್ಯಾನುಗಳು ಜೋರಾಗಿ ತಿರುಗತೊಡಗಿದವು. ನಾನು ರಟ್ಟು, ಡ್ರೈಯರ್ ಎತ್ತಿಕೊಂಡು, ಇಂಜಿನಿಯರ್‌ಗಾಗಿ ಕಾಯದೆ ಬೇಸ್‌ಮೆಂಟಿನ ಮೆಟ್ಟಿಲಿಳಿದೆ.